ಚಾಂಗಿ ದಂಡೆಯ ಬಾಯ್ಲರ್

ಸಿಂಗಪುರದಲ್ಲಿ ನನ್ನ ಗಂಡನ ಆಫೀಸಿನಲ್ಲಿ ಒಬ್ಬ ಐರಿಶ್ ಮನುಷ್ಯನಿದ್ದ. ಕಾಂಟ್ರ್ಯಾಕ್ಟ್ ಮುಗಿದು ಊರಿಗೆ ಹೊರಟಾಗ ಸೂಟ್‌ಕೇಸಿಗೆ ಹಿಡಿಸದ್ದನ್ನೆಲ್ಲ ಸಹೋದ್ಯೋಗಿಗಳಿಗೆ ಹಂಚಿದ. ಉಳಿದವರಿಗೆ ಟೇಬಲ್ ಫ್ಯಾನು, ರೈಸ್ ಕುಕ್ಕರು ಸಿಕ್ಕವು. ನಮ್ಮವರು ಪಾಯಾ ಲೆಬಾರ್‌ನಿಂದ ವುಡ್‌ಲ್ಯಾಂಡ್ಸ್‌ವರೆಗೆ ಬಸ್ಸಿನಲ್ಲಿ ತಬ್ಬಿಕೊಂಡು ಬಂದದ್ದು ಮಸಿ ಹಿಡಿದ ಒಂದು ಅಲ್ಯೂಮಿನಿಯಂ ಕೆಟಲ್. ತಳದಲ್ಲಿ ಬೆಂಕಿಗೊಂದು ಪುಟ್ಟ ತಟ್ಟೆ, ನಡುವೆ ಹೊಗೆ ಹೋಗಲು ಅಗಲವಾದ ಕೊಳವೆ, ಕೊಳವೆಯ ಸುತ್ತ ನೀರು, ಪಕ್ಕದಲ್ಲೊಂದು ಮೂತಿ, ಅದಕ್ಕೊಂದು ಬಿರಡೆ. ಕ್ಯಾಂಪಿಂಗ್ ಹೋದವರು ನಾಲ್ಕು ಪುಳ್ಳೆ ಉರಿಸಿ ಟೀಗೆ ನೀರು ಕಾಯಿಸಿಕೊಳ್ಳುವ ಸಾಧನವಂತೆ.

“ನಾವು ಯಾವತ್ತು ರೀ ಕ್ಯಾಂಪಿಂಗ್ ಹೋಗಿದ್ದೀವಿ?” ಎಂದು ಸಿಡುಕಿದೆ. ಏಳನೇ ತಿಂಗಳ ಬಸುರಿ ನಾನು. ಆ ದಿನಗಳಲ್ಲಿ ಗೋಡೆಯ ಮೇಲಿನ ಹಲ್ಲಿಯ ಮೇಲೂ ಸಿಡುಕುತ್ತಿದ್ದೆ.

ಮೈಸೂರಿನಿಂದ ಬಂದು ಎರಡು ತಿಂಗಳಾಗಿದ್ದ ನಮ್ಮತ್ತೆ ಅದನ್ನು ಕೈಗೆತ್ತಿಕೊಂಡರು. ಬೋರಲು ಮಾಡಿ, ಕೊಳವೆಯೊಳಗೆ ಕಣ್ಣಿಟ್ಟು ಟ್ಯೂಬ್‌ಲೈಟ್ ನೋಡಿದರು. “ಅಯ್ಯೋ, ಇದು ನಮ್ಮ ಬಚ್ಚಲುಮನೆ ಬಾಯ್ಲರ್ ಮರಿ ಕಣೋ!” ಎಂದು ನಕ್ಕುಬಿಟ್ಟರು. ಸಿಂಗಪುರಕ್ಕೆ ಬಂದ ಮೇಲೆ ಅವರು ಹಾಗೆ ನಕ್ಕದ್ದು ಅದೇ ಮೊದಲು.

ನಿಜವೇ. ಮೈಸೂರಿನ ಮನೆಯ ತಾಮ್ರದ ಬಾಯ್ಲರಿಗೂ ನಡುವೆ ಕೊಳವೆ, ಸುತ್ತ ನೀರು. ಮದುವೆಯಾದಂದಿನಿಂದ ದಿನಾ ಎಲ್ಲರಿಗಿಂತ ಮೊದಲು ಎದ್ದು ಕರಟ, ಮರದ ಹೊಟ್ಟು ತುಂಬಿ ಅದನ್ನು ಹೊತ್ತಿಸಿದವರು ಅತ್ತೆ. ಈಗ ನಮ್ಮಿಬ್ಬರ ನಡುವಿನ ಜಗಳಕ್ಕೂ ಆ ಬಾಯ್ಲರೇ ಕಾರಣವಾಗಿತ್ತು. “ಬಾಣಂತಿ ಮೈಗೆ ಸೌದೇಲಿ ಕಾದ ನೀರೇ ಬೀಳಬೇಕು. ಸ್ವಿಚ್ಚಿನ ನೀರಲ್ಲಿ ಎಂಥ ಬಾಣಂತನ? ನನ್ ಜೊತೆ ಮೈಸೂರಿಗೆ ಹೊರಡು” ಎಂದು ಅವರು. ಗಂಡ, ಡಾಕ್ಟರು ಎಲ್ಲ ಇಲ್ಲಿರುವಾಗ ನಾನೇಕೆ ಹೋಗಲಿ ಎಂದು ನಾನು. ಇನ್ನು ಸ್ವಲ್ಪ ದಿನ ಕಳೆದರೆ ನನ್ನನ್ನು ವಿಮಾನ ಹತ್ತಿಸುವುದಿಲ್ಲವೆಂದು ಎರಡು ವಾರದ ನಂತರಕ್ಕೆ ಅವರು ಮಗನಿಂದ ಎರಡು ಸೀಟು ಬುಕ್ ಮಾಡಿಸಿಯೂ ಆಗಿತ್ತು.

ನನ್ನ ಅಮ್ಮ ನಾನು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡಿದ್ದರು. ಬಾಣಂತನ ಮಾಡಲು ನನಗೆ ಇದ್ದವರು ಅತ್ತೆ ಒಬ್ಬರೇ. ಅಂಥವರಿಗೆ, “ನೀವು ಬೇಕಾದ್ರೆ ಹೊರಡಿ. ಇಲ್ಲಿ ಎಲ್ಲದಕ್ಕೂ ವ್ಯವಸ್ಥೆ ಇದೆ, ನಾನು ಹೇಗೋ ನೋಡ್ಕೋತೀನಿ” ಎಂದುಬಿಟ್ಟಿದ್ದೆ. ಹೇಳಿದ ಮರುಕ್ಷಣವೇ, ಇವರು ನಿಜಕ್ಕೂ ಹೊರಟುಬಿಟ್ಟರೆ ಎನಿಸಿತು. ಆದರೆ ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳುವುದು ನಮ್ಮ ವಂಶದಲ್ಲೇ ಇಲ್ಲ.

ಇಬ್ಬರು ಹೆಂಗಸರ ನಡುವೆ ಸಿಕ್ಕಿಕೊಂಡ ನಮ್ಮವರು ಕೆಟಲನ್ನೇ ನೆಪ ಮಾಡಿಕೊಂಡು, ಯಾರದೋ ಟೆಂಟು ಕೇಳಿ ತಂದು, ಶನಿವಾರ ಸಂಜೆ ನಮ್ಮನ್ನು ಚಾಂಗಿ ಕಡಲ ದಂಡೆಗೆ ಹೊರಡಿಸಿದರು. ನಾನು ರಾತ್ರಿಯೆಲ್ಲ ಮಗ್ಗುಲು ಬದಲಾಯಿಸುತ್ತಾ ಮಲಗಿದೆ. ಬೆಳಿಗ್ಗೆ ಟೆಂಟಿನಿಂದ ಹೊರಬಂದರೆ ಅತ್ತೆ ಸೆರಗು ಸಿಕ್ಕಿಸಿ ಗಾಳಿಮರದ ಒಣಕಡ್ಡಿ, ತೆಂಗಿನ ಸಿಪ್ಪೆ ಆಯುತ್ತಿದ್ದರು.

“ಈ ಊರಲ್ಲಿ ಕಸ ಹಾಕಿದ್ರೆ ತಾನೇ ದಂಡ? ಎತ್ತಿದ್ರೆ ಇಲ್ವಲ್ಲ?” ಎಂದು ಮಗನನ್ನು ಕೇಳಿದರು.

ಬೆಂಕಿ ಹಾಕಲು ಅಪ್ಪಣೆಯಿದ್ದದ್ದು ಬಾರ್ಬೆಕ್ಯೂ ಕಟ್ಟೆಯಲ್ಲಿ ಮಾತ್ರ. ಕೆಟಲನ್ನು ಅಲ್ಲಿಟ್ಟು ಹೊತ್ತಿಸಿದೆವು. ನೀರು ಚೆಲ್ಲದಿರಲೆಂದು ನಮ್ಮವರು ಬಿರಡೆ ಒತ್ತಲು ಹೋದರು. “ತೆಗಿಯೋ ಅದನ್ನ, ಸಿಡಿದುಹೋಗುತ್ತೆ!” ಎಂದು ಅತ್ತೆ ಕೈಮೇಲೊಂದು ಕೊಟ್ಟರು. ಕಡ್ಡಿಗಳನ್ನು ಮೇಲಿನಿಂದ ಕೊಳವೆಯೊಳಗೆ ಒಂದೊಂದಾಗಿ ಬಿಟ್ಟರು. ಉರಿ ಬುಸುಬುಸು ಎಂದು ಮೇಲೆ ಬಂತು, ಐದೇ ನಿಮಿಷಕ್ಕೆ ನೀರು ಕುದಿಯಿತು.

ನಾನು ಫಿಲ್ಟರಿನಲ್ಲಿ ಮೈಸೂರಿನ ಪುಡಿ ಹಾಕಿಟ್ಟಿದ್ದೆ. ಅದರ ಮೇಲೆ ಒಂದಿಷ್ಟು ನೀರು ಸುರಿದು, ಇಳಿಯಲೆಂದು ಕಾದು, ಮತ್ತೆ ಸುರಿದರೆ ಡಿಕಾಕ್ಷನ್ ಬಣ್ಣವೇ ಬರಲಿಲ್ಲ. ನೋಡಿದರೆ ಕೆಟಲಿನ ನೀರು ಉಗುರುಬೆಚ್ಚಗಿದೆ! ನಾನು ಅತ್ತ ತಿರುಗಿದ್ದಾಗ ಅತ್ತೆ ಒಂದು ಚೊಂಬು ತಣ್ಣೀರು ಹುಯ್ದಿದ್ದರು.

“ಅತ್ತೆ, ಇದಕ್ಯಾಕೆ ತಣ್ಣೀರು ಹಾಕಿದ್ರಿ?”

“ಬಿಸಿನೀರು ತೆಗೆದ ಮೇಲೆ ತುಂಬಬೇಡ್ವಾ? ಬರೀ ಬಾಯ್ಲರ್ ಉರಿದ್ರೆ ಬೆಸುಗೆ ಬಿಡುತ್ತೆ. ಮುಂದಿನವರು ಸ್ನಾನಕ್ಕೆ ಏನ್ ಮಾಡ್ಬೇಕು?”

ಅಲ್ಲಿ ಸ್ನಾನಕ್ಕೆ ಮುಂದಿನವರು ಯಾರೂ ಇರಲಿಲ್ಲ. ಮತ್ತೆ ಕಾಯಿಸಿದೆವು, ಮತ್ತೆ ಒಂದು ಲೋಟ ಬಗ್ಗಿಸಿದೆವು, ಮತ್ತೆ ಅವರ ಚೊಂಬು ಬಿತ್ತು. ಅಷ್ಟು ವರ್ಷದ ಕೈ ಅದು, ಹೇಳಿದರೆ ನಿಲ್ಲುವಂಥದ್ದಲ್ಲ. ನಮ್ಮವರು ಸೋತು, ಹಾಕರ್ ಸೆಂಟರಿನ ತಿಂಡಿಯಂಗಡಿಯಿಂದ ಕಾಫಿ ಕಟ್ಟಿಸಿಕೊಂಡು ಬರುತ್ತೇನೆಂದು ಹೊರಟೇಹೋದರು.

ನಾವಿಬ್ಬರೇ ಉಳಿದೆವು. ಊದಿದ ಪಾದಗಳನ್ನು ಚಾಚಿ ನಾನು ಬೆಂಚಿನ ಮೇಲೆ ಕೂತಿದ್ದೆ. ಮೂರನೇ ಸಲ ನೀರು ಕುದಿದಾಗ ಅತ್ತೆ ಫಿಲ್ಟರಿನತ್ತ ನೋಡಲೂ ಇಲ್ಲ. ಅಷ್ಟನ್ನೂ ಮನೆಯಿಂದ ತಂದಿದ್ದ ಬಕೆಟ್ಟಿಗೆ ಬಗ್ಗಿಸಿ, ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿ, ನನ್ನ ಕಾಲುಗಳನ್ನು ಎತ್ತಿ ಅದರಲ್ಲಿಟ್ಟರು. ಮೊಣಕಾಲಿನಿಂದ ಕೆಳಕ್ಕೆ ಚೊಂಬಿನಿಂದ ಹುಯ್ಯುತ್ತಾ ನೀವತೊಡಗಿದರು. ಅಮ್ಮ ಹೋದ ಮೇಲೆ ನನ್ನ ಕಾಲನ್ನು ಯಾರೂ ಹಾಗೆ ಮುಟ್ಟಿರಲಿಲ್ಲ. ನನಗೆ ಅಳು ಬಂದುಬಿಟ್ಟಿತು. ಆಗಲೇ ಪಕ್ಕದ ವಿಮಾನ ನಿಲ್ದಾಣಕ್ಕೆ ಇಳಿಯುವ ಒಂದು ವಿಮಾನ ತಲೆಯ ಮೇಲೆ ಭೋರೆಂದು ಹಾದುಹೋಯಿತು. ಅದರ ಸದ್ದು ಅಡಗುವವರೆಗೂ ಕಾದೆ.

“ನಂಗೆ ತುಂಬಾ ಭಯ ಆಗ್ತಿದೆ. ಹೋಗ್ಬೇಡಿ ಅತ್ತೆ, ಇಲ್ಲೇ ಇರಿ.”

ಅವರ ಕೈ ನಿಂತಿತು. “ಬಂದ ದಿನದಿಂದ ಕಾಯ್ತಿದೀನಿ ಕಣೇ. ಸ್ವಿಚ್ ಇದೆ, ಆಸ್ಪತ್ರೆ ಇದೆ, ಎಲ್ಲಾ ಇದೆ ಅಂತಿದ್ದೆ. ನೀವಿರಿ ಅಂತ ಒಂದ್ಸಲ ಆದ್ರೂ ಅಂದ್ಯಾ?”

“ಬಾಯ್ಲರ್ ಇಲ್ಲ, ಇಲ್ಲಿ ಆಗಲ್ಲ ಅಂತ ನೀವೇ ಅಲ್ವಾ ಅಂದಿದ್ದು?”

“ಮತ್ತೇನನ್ನಲಿ? ಬೇಡವಾದವಳ ಹಾಗೆ ಊರಿಗೆ ವಾಪಸ್ ಹೋಗೋಕಾಗುತ್ತಾ? ಒಂದು ನೆಪ ಬೇಡ್ವಾ?”

ಇಷ್ಟು ಹೇಳಿ ಅವರು ಎದ್ದು, ಖಾಲಿಯಾಗಿದ್ದ ಕೆಟಲಿಗೆ ನೀರು ತುಂಬಿದರು. ಪ್ಲಾಸ್ಟಿಕ್ ಚೀಲದಲ್ಲಿ ಕಾಫಿ ತೂಗಾಡಿಸುತ್ತಾ ಬಂದ ನಮ್ಮವರು ನನ್ನ ಮುಖ ನೋಡಿ, ಅವರಮ್ಮನ ಮುಖ ನೋಡಿ, ಮೂರು ಲೋಟ ಹುಡುಕಿದರು. ಸೋಮವಾರ ಎರಡು ಸೀಟೂ ಕ್ಯಾನ್ಸಲ್ ಆದವು.

ಆ ಕೆಟಲನ್ನು ಫ್ಲ್ಯಾಟಿನಲ್ಲಿ ಹೊತ್ತಿಸುವಂತಿರಲಿಲ್ಲ. ಮಗಳು ಹುಟ್ಟಿದ ಮೇಲೆ ನನ್ನ ಬಾಣಂತನವೆಲ್ಲ ಸ್ವಿಚ್ಚಿನ ನೀರಿನಲ್ಲೇ ನಡೆಯಿತು. ನಮ್ಮ ಹೀಟರಿನಲ್ಲಿ ಗುಂಡಿ ಒತ್ತಿದೊಡನೆ ಬಿಸಿನೀರು ಬರುತ್ತಿತ್ತು. ಆದರೂ ಅತ್ತೆ ದಿನಾ ಬೆಳಿಗ್ಗೆ ಹತ್ತು ನಿಮಿಷ ಮೊದಲೇ ಹೋಗಿ ಬಚ್ಚಲಲ್ಲಿ ನಿಲ್ಲುತ್ತಿದ್ದರು. ಆಮೇಲೆ ಅಲ್ಲಿಂದಲೇ, “ಬಾರಮ್ಮ, ನೀರು ಕಾದಿದೆ” ಎಂದು ಕೂಗುತ್ತಿದ್ದರು. ಎಲ್ಲರನ್ನೂ ತಿದ್ದುವ ನಾನು ಅವರನ್ನು ಒಂದು ದಿನವೂ ತಿದ್ದಲಿಲ್ಲ. ಮಗುವನ್ನು ಪಕ್ಕದಲ್ಲಿಟ್ಟುಕೊಂಡು, ಎಚ್ಚರವಾಗಿದ್ದರೂ ಕಣ್ಣು ಮುಚ್ಚಿ, ಆ ಕೂಗಿಗಾಗಿ ಕಾಯುತ್ತಾ ಮಲಗಿರುತ್ತಿದ್ದೆ.