ಚಿತ್ರ ಬೇಡವೆಂದ ಗ್ರಾಹಕ

2016ರಲ್ಲಿ ನಾನು ಜರ್ಮನಿಯ ಯೇನಾ ನಗರದ ಒಂದು ಖಾಸಗಿ ಮಾಪನ ಪ್ರಯೋಗಾಲಯದ ಎಕ್ಸ್‌ರೇ ವಿಭಾಗದಲ್ಲಿ ಸೀನಿಯರ್ ಎಂಜಿನಿಯರ್ ಆಗಿದ್ದೆ. ವರ್ಷ ಖಚಿತ, ಏಕೆಂದರೆ ನನ್ನ ಬ್ಲೂ ಕಾರ್ಡ್, ಅಂದರೆ ಕೆಲಸವನ್ನು ಅವಲಂಬಿಸಿದ ವಾಸದ ಪರವಾನಗಿ, ಕಾಯಂ ಆದದ್ದು ಆಗಲೇ. ಉಳಿದದ್ದರ ಬಗ್ಗೆ ಅಷ್ಟು ಧೈರ್ಯವಿಲ್ಲ. ಆ ದಿನಗಳನ್ನು ನೆನೆದಾಗಲೆಲ್ಲ ಕಿಟಕಿಯ ಹೊರಗೆ ಹಿಮ ಬೀಳುತ್ತಿರುತ್ತದೆ. ಆದರೆ ನಮ್ಮ ವಿಭಾಗದ ನಿಯಾಜ್ ಕೆಲಸಕ್ಕೆ ಸೇರಿದ್ದು ಏಪ್ರಿಲ್‌ನಲ್ಲಿ, ಬಿಟ್ಟದ್ದು ಸೆಪ್ಟೆಂಬರ್‌ನಲ್ಲಿ. ಹಿಮವನ್ನು ನಾನೇ ಸೇರಿಸಿಕೊಂಡಿರಬೇಕು.

ನಿಯಾಜ್ ಮಂಗಳೂರಿನ ಹುಡುಗ. ನಾನು ಉಡುಪಿ ಕಡೆಯವಳು. ನಮ್ಮ ಸಿ.ಟಿ. ಯಂತ್ರವನ್ನು ನಡೆಸುವುದು ಅವನ ಕೆಲಸ. ವಸ್ತುವನ್ನು ತಿರುಗಿಸುತ್ತಾ ಎಲ್ಲ ದಿಕ್ಕಿನಿಂದ ಎಕ್ಸ್‌ರೇ ಹಾಯಿಸಿ, ಒಡೆಯದೆ ಅದರ ಒಳಗನ್ನು ತೋರಿಸುವ ಯಂತ್ರವದು. ಅವನಿನ್ನೂ ಪ್ರೊಬೆತ್ಸೈಟ್‌ನಲ್ಲಿದ್ದ. ಕಾರಣ ಹೇಳದೆಯೇ ಕೆಲಸದಿಂದ ತೆಗೆಯಬಹುದಾದ ಮೊದಲ ಆರು ತಿಂಗಳು ಅದು. ಕೆಲಸ ಹೋದರೆ ಬ್ಲೂ ಕಾರ್ಡ್ ಅಲುಗಾಡುತ್ತದೆ. ಅದನ್ನೇ ನಂಬಿ ಅವನ ಹೆಂಡತಿ ಸಫಿಯಾ ಬೆಂಗಳೂರಿನಲ್ಲಿ ವೀಸಾ ಸಂದರ್ಶನಕ್ಕೆ ಕಾಯುತ್ತಿದ್ದಳು.

ಆ ಗ್ರಾಹಕರನ್ನು ಕೆ. ಎಂದು ಕರೆಯುತ್ತೇನೆ. ವಯಸ್ಸಾದ, ಮೆದುಮಾತಿನ ಜರ್ಮನ್ ಸಂಗ್ರಾಹಕರು. ಎರಡು ವಸ್ತು ತಂದಿದ್ದರು: ಒಂದು ಜೇಡ್ ಕಲ್ಲಿನ ಕೊಳವೆ, ಒಂದು ಕಪ್ಪು ಮಡಕೆ. ಕೊಳವೆ ಹೊರಗೆ ಚೌಕ, ಒಳಗೆ ದುಂಡು. ಮೂಲೆಮೂಲೆಯಲ್ಲೂ ದೊಡ್ಡ ಕಣ್ಣಿನ ಮುಖ. ಎರಡೂ ಲಿಯಾಂಗ್‌ಝು ನಾಗರಿಕತೆಯವು, ಒಂದೇ ಗೋರಿಯಲ್ಲಿ ಸಿಕ್ಕವು ಎಂದರು. ಸುಮಾರು ಐದು ಸಾವಿರ ವರ್ಷಗಳ ಹಿಂದೆ ಚೀನಾದ ಯಾಂಗ್ಸೆ ನದಿಯ ಮುಖಜಭೂಮಿಯಲ್ಲಿ ಭತ್ತ ಬೆಳೆದು, ಅಣೆಕಟ್ಟು ಕಟ್ಟಿ, ಲೋಹದ ಉಪಕರಣವಿಲ್ಲದೆ ಮರಳಿನಿಂದ ಉಜ್ಜಿ ಜೇಡ್ ಕೆತ್ತಿದ ಜನ ಅವರು. ಆಮೇಲೆ ಇಲ್ಲವಾದರು, ಪ್ರವಾಹದಿಂದ ಎಂದು ಹಲವರ ಊಹೆ. ಆ ಮುಖಗಳನ್ನು ನೋಡುತ್ತಿದ್ದರೆ ನಮ್ಮನ್ನೇ ಯಾರೋ ಅಳೆಯುತ್ತಿದ್ದಾರೆ ಅನ್ನಿಸುತ್ತಿತ್ತು.

ಮೊದಲ ಸ್ಕ್ಯಾನ್ ಮಾಮೂಲಿನದು. ಮಡಕೆಯಲ್ಲಿ ದುರಸ್ತಿಯ ಗುರುತಿದೆಯೇ ಎಂದು ಕೆ. ಕೇಳಿದ್ದರು, ಇರಲಿಲ್ಲ. ಮರುವಾರ ಅದೇ ಮಡಕೆ ಹಿಡಿದು ಮತ್ತೆ ಬಂದರು. ಆ ಮಧ್ಯಾಹ್ನ ಕಾಫಿ ಯಂತ್ರದ ಬಳಿ ನಿಯಾಜ್ ಸಿಕ್ಕಿದ.

"ಜೆಸಿಂತಕ್ಕ, ಆ ಅಜ್ಜನಿಗೆ ಇಮೇಜ್ ಬೇಡವಂತೆ."

"ಮತ್ತೆ ಸ್ಕ್ಯಾನ್ ಎಂತಕ್ಕೆ ಮಾರಾಯ?"

"ಅದೇ ನೋಡಿ. ಬಿರಿಯಾನಿ ಬೇಡ, ಒಲೆ ಮಾತ್ರ ಉರಿಸಿಡಿ ಅಂದ ಹಾಗೆ! ತಾಮ್ರದ ಫಿಲ್ಟರ್ ಹಾಕಬೇಕಂತೆ, ತುಂಬಾ ಹೊತ್ತು ಬಿಡಬೇಕಂತೆ, ಆಮೇಲೆ ಮಡಕೆ ಬೋರಲು ಹಾಕಿ ಇನ್ನೊಮ್ಮೆ."

ನಾನು ನಗಲಿಲ್ಲ. ಬಾನ್ ನಗರದಲ್ಲಿ ಓದುವಾಗ ಪುರಾತತ್ತ್ವದವರ ಜೊತೆ ಸ್ವಲ್ಪ ಕೆಲಸ ಮಾಡಿದ್ದೆ. ಸುಟ್ಟ ಮಣ್ಣಿನ ಕಣಗಳು ಭೂಮಿಯ ಸಹಜ ವಿಕಿರಣವನ್ನು ವರ್ಷದಿಂದ ವರ್ಷಕ್ಕೆ ಕೂಡಿಡುತ್ತವೆ. ಒಂದು ಚೂರನ್ನು ಮತ್ತೆ ಕಾಯಿಸಿದರೆ ಅದು ಬೆಳಕಾಗಿ ಹೊರಬರುತ್ತದೆ. ಬೆಳಕು ಹೆಚ್ಚಿದ್ದಷ್ಟೂ ಮಡಕೆ ಹಳೆಯದು. ಎಕ್ಸ್‌ರೇಯೂ ಅದೇ ಉಗ್ರಾಣವನ್ನು ತುಂಬುತ್ತದೆ. ಫಿಲ್ಟರ್ ಹಾಕಿ ಎಲ್ಲ ಕಡೆಯಿಂದ ಸಮನಾಗಿ ಕೊಟ್ಟರೆ, ನಿನ್ನೆ ಸುಟ್ಟ ಮಡಕೆಗೂ ಸಾವಿರಾರು ವರ್ಷದ ವಯಸ್ಸು ಬರುತ್ತದೆ. ಜೇಡ್ ಯಾವಾಗ ಕೆತ್ತಿದ್ದೆಂದು ಹೇಳುವ ಇಂಥ ಪರೀಕ್ಷೆಯಿಲ್ಲ. ಮಡಕೆಯೇ ಅದರ ಸಾಕ್ಷಿ.

ಇದರಿಂದ ಮಡಕೆಗೆ ಬೀಳುವ ವಿಕಿರಣದ ಡೋಸ್ ಎಷ್ಟೆಂದು ಕೇಳಿದೆ. "ಜೀವ ಇಲ್ಲದ್ದಕ್ಕೆ ಎಂತ ಡೋಸ್ ಅಕ್ಕ?" ಎಂದ ನಿಯಾಜ್. ಎಕ್ಸ್‌ರೇ ಕೆಲಸದವರೆಲ್ಲ ಮಾಡುವ ತಪ್ಪು ಅದು. ಎದೆಗೆ ವಿಕಿರಣ ಅಳೆಯುವ ಬ್ಯಾಡ್ಜ್ ಸಿಕ್ಕಿಸಿಕೊಂಡು ನಾವು ನಮ್ಮ ಡೋಸನ್ನು ಮಾತ್ರ ಲೆಕ್ಕ ಇಡುತ್ತೇವೆ. ವಿವರಿಸಿದಾಗ ಅವನ ಮುಖ ಕಳೆಗುಂದಿತು.

"ಅಂದ್ರೆ ಮೊದಲನೇ ಸ್ಕ್ಯಾನಲ್ಲೇ ಹಾಳಾಯ್ತಾ?"

"ಆಯ್ತು. ಅದು ನಿಜಕ್ಕೂ ಹಳೆಯದಾಗಿದ್ದರೂ ಇನ್ನು ಖಾತ್ರಿ ಮಾಡ್ಲಿಕ್ಕೆ ಆಗ್ಲಿಕ್ಕಿಲ್ಲ."

"ಈಗ ನಾನು ಆಗೋದಿಲ್ಲ ಅಂದ್ರೆ? ಅವರಿಗೆ ನನ್ನ ಪ್ರೊಬೆತ್ಸೈಟ್ ಯಾವಾಗ ಮುಗಿಯೋದು ಅಂತ ಗೊತ್ತುಂಟು ಅಕ್ಕ. ಶೆಫ್ ಹತ್ರ ಒಳ್ಳೆ ಮಾತು ಹೇಳ್ತೇನೆ ಅಂದ್ರು. ನಾನು ಕೇಳಿರ್ಲೇ ಇಲ್ಲ."

ಶೆಫ್ ಅಂದರೆ ನಮ್ಮ ಮುಖ್ಯಸ್ಥರು. ಅವರಿಗೂ ಕೆ.ಗೂ ಹಳೆಯ ಸ್ನೇಹ.

"ನೀನು ಮಾತಾಡ್ಬೇಡ, ನಾನು ಹೇಳ್ತೇನೆ" ಎಂದು ಅವನ ಜೊತೆ ಒಳಗೆ ಹೋದೆ. ಇಂಥ ಸ್ಕ್ಯಾನ್ ಮಡಕೆಯ ಕಾಲನಿರ್ಣಯವನ್ನು ಕೆಡಿಸುತ್ತದೆ ಎಂದು ಕೆ.ಗೆ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು, ಆಮೇಲೆ ನನ್ನನ್ನು ದಾಟಿ ನಿಯಾಜ್‌ನ ಕಡೆ ನೋಡಿದರು. ನನ್ನ ನೆನಪಿನಲ್ಲಿ ಅವರು ನಗುತ್ತಿದ್ದಾರೆ. ಅವರು ನಗಲೇ ಇಲ್ಲ ಎನ್ನುತ್ತಾನೆ ನಿಯಾಜ್.

"ಯಂತ್ರ ನಡೆಸುವವರು ನೀವಲ್ಲವೇ?" ಎಂದು ಜರ್ಮನ್‌ನಲ್ಲಿ ಕೇಳಿದರು. "ನಿಮ್ಮ ಪತ್ನಿ ಯಾವಾಗ ಬರುತ್ತಾರೆ?"

ಸಫಿಯಾಳ ವಿಷಯ ಅವರಿಗೆ ಯಾರು ಹೇಳಿದರೋ ಇಂದಿಗೂ ತಿಳಿಯದು. ನಿಯಾಜ್ ಯಂತ್ರದ ಸೀಸದ ಬಾಗಿಲು ತೆರೆದು, ಮಡಕೆಯನ್ನು ಎರಡೂ ಕೈಯಲ್ಲಿ ಎತ್ತಿ, ಅವರ ಮುಂದಿಟ್ಟ. ತನ್ನ ತಡವರಿಸುವ ಜರ್ಮನ್‌ನಲ್ಲಿ ಹೇಳಿದ: "ಚಿತ್ರ ಬೇಡದವರಿಗೆ ನಾನು ಎಕ್ಸ್‌ರೇ ಹಾಕುವುದಿಲ್ಲ."

ಕೆ. ಮಡಕೆಯನ್ನು ಉಣ್ಣೆಯ ಬಟ್ಟೆಯಲ್ಲಿ ಸುತ್ತಿಕೊಂಡು, ಇಬ್ಬರಿಗೂ ಕೈಕುಲುಕಿ ಹೋದರು.

ನಾನು ಶೆಫ್‌ಗೆ ಎಲ್ಲವನ್ನೂ ಹೇಳಿದೆ. ನನಗೆ ಏನೂ ಆಗಲಿಲ್ಲ. ನಿಯಾಜ್‌ನ ಪ್ರೊಬೆತ್ಸೈಟ್ ಮುಗಿಯುವ ಮುನ್ನವೇ ಅವನನ್ನು ಕಳಿಸಿದರು. ಕಾರಣ ಕೇಳಿದೆ. ಕಾನೂನಿನಂತೆ ಕಾರಣ ಬೇಕಿಲ್ಲ ಎಂದರು. ಕಾರ್ಲ್ಸ್‌ರುಹೆ ನಗರದಲ್ಲಿ ಕೆಲಸಕ್ಕೆಂದು ಕೊಟ್ಟ ಒಂದು ಸಂದರ್ಶನ ಕೈಗೂಡಲಿಲ್ಲ. ಹೊಸ ಕೆಲಸ ಹುಡುಕಲೆಂದು ವಿದೇಶಿಯರ ಕಚೇರಿ ಕೊಟ್ಟಿದ್ದ ಗಡುವೂ ಮುಗಿಯಿತು. ಸಫಿಯಾಳ ವೀಸಾ ಸಂದರ್ಶನದ ದಿನ ಹಾಗೇ ಕಳೆಯಿತು; ನಿಯಾಜ್ ಮಂಗಳೂರಿಗೆ ಹಿಂದಿರುಗಿದ.

ಅಂದಿನಿಂದ ಯಾವ ಗ್ರಾಹಕ ಬಂದರೂ, ವಸ್ತುವನ್ನು ಮುಟ್ಟುವ ಮೊದಲು ಅವರಿಗೆ ಯಾವ ಪ್ರಶ್ನೆಗೆ ಉತ್ತರ ಬೇಕೆಂದು ಕೇಳುತ್ತೇನೆ. ನೋಡುವುದು ನಿರಪಾಯದ ಕೆಲಸವಲ್ಲ, ನೋಡಿದ್ದು ಮೊದಲಿನಂತೆ ಉಳಿಯುವುದಿಲ್ಲ: ಈ ಉದ್ಯೋಗ ನನಗೆ ಕಲಿಸಿದ್ದು ಇಷ್ಟೇ.

ಕೆಲವು ವರ್ಷಗಳ ನಂತರ ಒಂದು ಹರಾಜಿನ ಕ್ಯಾಟಲಾಗಿನಲ್ಲಿ ಆ ಜೇಡ್ ಕೊಳವೆ ಕಂಡಿತು, ಪಕ್ಕದಲ್ಲಿ ಕಪ್ಪು ಮಡಕೆ. ಮಡಕೆಯ ವಯಸ್ಸು ಪ್ರಯೋಗಾಲಯದಲ್ಲಿ ದೃಢಪಟ್ಟಿದೆ ಎಂದಿತ್ತು. ಹರಾಜಿನವರಿಗೆ ತಿಳಿಸಿದೆ, ಉತ್ತರ ಬರಲಿಲ್ಲ. ನಿಯಾಜ್‌ಗೆ ಫೋನ್ ಮಾಡಿದೆ.

"ಆ ಅಜ್ಜನಿಗೆ ನನ್ನ ಹಾಗಿನವನೇ ಒಬ್ಬ ಸಿಕ್ಕಿರ್ತಾನೆ ಅಕ್ಕ" ಎಂದ. "ಅವನ ಹೆಂಡತಿಗಾದ್ರೂ ವೀಸಾ ಸಿಕ್ಕಿರ್ಬಹುದು."