ಗಟ್ಟಿಯಾಗದ ತೇಪೆ

ಕೊಪ್ಪದ ಬಸ್ ಸ್ಟ್ಯಾಂಡಿನ ಎದುರು, ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿ ಸೋಮನಾಥ್ ಎಂಬವರು ಮನೆಗಳ ಪ್ಲಾನ್ ಮಾಡಿಕೊಡುತ್ತಾರೆ. ಅವರ ಊರು ನರಸಿಂಹರಾಜಪುರ ತಾಲೂಕಿನ ಸೀತೂರು. ನಮ್ಮ ಮನೆಗೆ ತಾರಸಿ ಹಾಕಿಸಿದಾಗ ಮೇಲೆ ನಿಂತು ನೋಡಿಕೊಂಡವರೂ ಅವರೇ. ತಾರಸಿ ಗಟ್ಟಿಯಾಗುವ ಮೊದಲೇ ಸೆಂಟ್ರಿಂಗ್ ಹಲಗೆ ಬಿಚ್ಚಲು ಮೇಸ್ತ್ರಿ ಆತುರ ಮಾಡಿದ ದಿನ ಅವರು ಕೂಗಾಡಿದ್ದು ಬೀದಿಯ ಕೊನೆಯವರೆಗೂ ಕೇಳಿಸಿತ್ತು. ಅಷ್ಟು ಮೆತ್ತಗಿನ ಮನುಷ್ಯ ಹಾಗೆ ಮೈಮೇಲೆ ಬಂದವರಂತೆ ಕೂಗಿದ್ದು ನೋಡಿ ನಮಗೆ ಗಾಬರಿಯಾಯಿತು. ಪರಿಚಯ ಬೆಳೆದ ಮೇಲೆ ಅವರು ಆಗಾಗ ಹೇಳಿದ್ದನ್ನು ಜೋಡಿಸಿ ಇಲ್ಲಿ ಬರೆದಿದ್ದೇನೆ. ತಾವು ಕೆಲಸ ಮಾಡಿದ ವಾಯುನೆಲೆಯ ಹೆಸರು ಮಾತ್ರ ಬೇಡ ಎಂದರು.

ಸೋಮನಾಥ್ ಡಿಪ್ಲೊಮಾ ಮುಗಿಸಿದ ಮೇಲೆ ಸೇನೆಯ ಕಟ್ಟಡ, ರಸ್ತೆಗಳನ್ನು ನೋಡಿಕೊಳ್ಳುವ ವಿಭಾಗದಲ್ಲಿ ಜೂನಿಯರ್ ಇಂಜಿನಿಯರ್ ಆದರು. ಒಂದು ದಿನವೂ ಯೂನಿಫಾರ್ಮ್ ಹಾಕಿದವರಲ್ಲ. ಆದರೂ ಸೀತೂರಿನಲ್ಲಿ ಅವರು ‘ಮಿಲಿಟ್ರಿ ಸೋಮಣ್ಣ’. ಅವರ ತಂದೆ ಲಿಂಗಪ್ಪನವರು ತೀರಿಹೋಗುವವರೆಗೂ ಮಗನನ್ನು ಹಾಗೆಂದೇ ಎಲ್ಲರಿಗೂ ಪರಿಚಯ ಮಾಡಿಸುತ್ತಿದ್ದರಂತೆ. ಅಲ್ಲಿ ಇಲ್ಲಿ ತಿರುಗಿ ಕೊನೆಗೆ ಅವರಿಗೆ ವರ್ಗವಾದದ್ದು ಪಶ್ಚಿಮದ ಗಡಿಗೆ ಹತ್ತಿರದ ಒಂದು ವಾಯುನೆಲೆಗೆ.

ಅಲ್ಲಿಯ ರನ್‌ವೇ ಹಳೆಯದು. ಹಗುರ ವಿಮಾನಗಳ ಕಾಲದಲ್ಲಿ ಹಾಕಿದ ಕಾಂಕ್ರೀಟ್ ಸ್ಲ್ಯಾಬುಗಳ ಮೇಲೆ ಈಗ ಅದಕ್ಕಿಂತ ಎಷ್ಟೋ ಭಾರದ ಯುದ್ಧವಿಮಾನಗಳು ಓಡುತ್ತಿದ್ದವು. ಸ್ಲ್ಯಾಬುಗಳ ಅಂಚು ಒಡೆದಿತ್ತು. ಎರಡು ಸ್ಲ್ಯಾಬುಗಳ ನಡುವಿನ ಸಂದಿಗೆ ತುಂಬಿದ್ದ ಕಪ್ಪು ಅಂಟು ಬಿಸಿಲಿಗೆ ಒಣಗಿ ಎದ್ದುಹೋಗಿ, ಮಳೆನೀರು ಒಳಗಿಳಿದು, ಚಕ್ರ ಹಾದಾಗ ಸ್ಲ್ಯಾಬೇ ಅಲುಗುತ್ತಿತ್ತು. ವಿಮಾನದ ಇಂಜಿನ್ನು ಗಾಳಿ ಎಳೆಯುವಾಗ ಮುಂದಿರುವ ಕಲ್ಲಿನ ಚೂರನ್ನೂ ಎಳೆದುಕೊಳ್ಳುತ್ತದೆ. ಬೆರಳ ತುದಿಯಷ್ಟು ಚೂರು ಸಾಕು ಇಂಜಿನ್ ಹಾಳಾಗಲು.

ಏನು ಮಾಡಬೇಕೆಂಬುದು ಎಲ್ಲರಿಗೂ ಗೊತ್ತಿತ್ತು. ಒಂದು ಇಡೀ ಹಂಗಾಮು ರನ್‌ವೇ ಮುಚ್ಚಿ, ಹಳೆಯ ಸ್ಲ್ಯಾಬು ಒಡೆದು ತೆಗೆದು, ಹೊಸದಾಗಿ ಹಾಕಬೇಕು. ಸೋಮನಾಥರ ವಿಭಾಗ ಪ್ರತಿ ವರ್ಷವೂ ಕೇಳುತ್ತಿತ್ತು. ಗಡಿ ಹತ್ತಿರ ಇದೆ, ಮುಚ್ಚಲು ಸಾಧ್ಯವಿಲ್ಲ ಎಂಬ ಉತ್ತರವೂ ಪ್ರತಿ ವರ್ಷ ಬರುತ್ತಿತ್ತು. ಹಾಗಾಗಿ ಹಾರಾಟದ ನಡುವೆ ಸಿಕ್ಕ ಬಿಡುವಿನಲ್ಲಿ ಹಾಳಾದ ಮೂಲೆಯನ್ನು ಕತ್ತರಿಸಿ, ಬೇಗ ಗಟ್ಟಿಯಾಗುವ ಮಿಶ್ರಣ ತುಂಬಿ ತೇಪೆ ಹಾಕುವುದೇ ಕೆಲಸವಾಯಿತು. ಒಂದು ಕಡೆ ಹಾಕಿದರೆ ಪಕ್ಕದಲ್ಲಿ ಬಾಯಿ ಬಿಡುತ್ತಿತ್ತು.

ಒಂದು ಬೆಳಿಗ್ಗೆ ಅವರು ತೇಪೆ ನೋಡುತ್ತ ಕೂತಿದ್ದಾಗ ಹಿಂದೆ ಜೀಪು ನಿಂತಿತು. ಇಳಿದ ಸಾರ್ಜೆಂಟ್ ಬಗ್ಗಿ ಕಲ್ಲಿನ ಚೂರೊಂದನ್ನು ಎತ್ತಿಕೊಂಡು ತನ್ನಷ್ಟಕ್ಕೆ, “ಎಂತ ಮಾರಾಯ ಇದು, ನಮ್ಮೂರ ಗದ್ದೆ ಅಂಚು ಇದಕ್ಕಿಂತ ಗಟ್ಟಿ ಉಂಟು” ಅಂದ.

ಸೋಮನಾಥ್ ತಿರುಗಿ ಕೇಳಿದರು. “ಯಾವೂರಾಯ್ತು ನಿಮ್ದು?”

“ಹಿರೇಕೊಡಿಗೆ. ಕೊಪ್ಪ. ನಿಮ್ದು?”

“ಸೀತೂರು.”

“ಅಯ್ಯೋ ದೇವ್ರೇ!” ಎಂದು ಆತ ಕೈಯಲ್ಲಿದ್ದ ಚೂರನ್ನು ಜೀಪಿಗೆ ಎಸೆದು ಸೋಮನಾಥರ ಎರಡೂ ಕೈ ಹಿಡಿದುಕೊಂಡ.

ಅವನೇ ಹರೀಶ. ಹಾರಾಟ ಶುರುವಾಗುವ ಮೊದಲು ರನ್‌ವೇ ಉದ್ದಕ್ಕೂ ಹೋಗಿ, ಕಲ್ಲು, ಮೊಳೆ, ಸತ್ತ ಹಕ್ಕಿ ಏನಿದ್ದರೂ ಹೆಕ್ಕಿ, ಸರಿ ಇದೆ ಎಂದು ಮೇಲಿನವರಿಗೆ ತಿಳಿಸುವುದು ಅವನ ಕೆಲಸ. ಅಂದಿನಿಂದ ಎರಡು ಮನೆಗಳು ಒಂದೇ ಆದವು. ಹರೀಶನ ಹೆಂಡತಿ ಅರ್ಪಿತಾ ಅಡುಗೆಮನೆಯಲ್ಲಿ ಮಾಂಸ ತಿನ್ನದ ಸೋಮನಾಥರಿಗೆಂದೇ ಬೇರೆ ಪಾತ್ರೆ ಇಟ್ಟಿದ್ದಳು. ಕೋಳಿ ಸಾರು ಮಾಡಿದ ದಿನವೂ “ಸ್ವಾಮಿಗಳ ಪಾತ್ರೆ ಮುಟ್ಬೇಡಿ” ಎಂದು ಗಂಡನಿಗೆ ಗದರಿ, ಇವರಿಗೆ ಬೇರೆ ಪಲ್ಯ ಮಾಡುತ್ತಿದ್ದಳು. ಅಷ್ಟು ದೂರದ ಮರಳುನಾಡಿನಲ್ಲಿ ಕನ್ನಡ ಮಾತಾಡಲು ಸಿಕ್ಕಿದ್ದೇ ಒಂದು ಸುಖ ಎನ್ನುತ್ತಾರೆ ಸೋಮನಾಥ್.

ಆ ಚಳಿಗಾಲದಲ್ಲಿ ಒಂದು ದೊಡ್ಡ ಸಮರಾಭ್ಯಾಸ ಇತ್ತು. ವಿಮಾನಗಳು ನೆಲ ಬಿಡುವುದಕ್ಕೆ ಸ್ವಲ್ಪ ಮೊದಲಿನ ಜಾಗದಲ್ಲಿ ಒಂದು ಸ್ಲ್ಯಾಬಿನ ಮೂಲೆ ಪೂರ್ತಿ ಕುಸಿಯಿತು. ಅದಕ್ಕೆ ಸ್ವಲ್ಪ ಮೊದಲು ನಡೆದ ಒಂದು ಸಭೆಯಲ್ಲಿ ಹಾರಾಟದ ಮುಖ್ಯ ಅಧಿಕಾರಿ ಎಲ್ಲರೆದುರು ಸೋಮನಾಥರ ಕಡೆ ಬೆರಳು ತೋರಿಸಿ, “ನಿಮ್ಮವರು ಯಾರ ಪರ ಕೆಲಸ ಮಾಡುತ್ತಿದ್ದಾರೆ? ನಮ್ಮ ಪರವೋ, ಶತ್ರುವಿನ ಪರವೋ?” ಎಂದು ಕಿರುಚಿದ್ದರು.

ಕುಸಿದ ಮೂಲೆಗೆ ಅಂದು ಸಂಜೆ ತೇಪೆ ಹಾಕಿ ಮುಗಿಸಿದರು. ಆದರೆ ಚಳಿ ಕೊರೆಯುತ್ತಿತ್ತು. ಚಳಿಗೆ ಆ ಮಿಶ್ರಣ ಬೇಗ ಬಿಗಿಯುವುದಿಲ್ಲ. ಬೆಳಗಿನ ಮಂಜಿನಲ್ಲಿ ಹೋಗಿ ಸೋಮನಾಥ್ ಬೈಕಿನ ಕೀಲಿಯಿಂದ ಗೀರಿ ನೋಡಿದರು. ಪುಡಿ ಪುಡಿಯಾಗಿ ಬಂತು. ಅವರ ಮೇಲಧಿಕಾರಿ ರಜೆಯಲ್ಲಿದ್ದುದರಿಂದ, ಈ ಭಾಗ ಬಳಸುವಂತಿಲ್ಲ ಎಂದು ಬರೆದುಕೊಟ್ಟು ಹಾರಾಟ ನಿಲ್ಲಿಸುವ ಅಧಿಕಾರ ಆ ದಿನ ಅವರಿಗೇ ಇತ್ತು. ಅವರು ಹಾಗೆ ಮಾಡದೆ ಹರೀಶನಿಗೆ ಫೋನ್ ಮಾಡಿದರು.

“ಹರೀಶಾ, ಆ ತೇಪೆ ಇನ್ನೂ ಗಟ್ಟಿಯಾಗ್ಲಿಲ್ಲ ಮಾರಾಯ. ಇವತ್ತು ಬಿಡೋದು ಬೇಡ ಅಂತ ಸಾಹೇಬ್ರಿಗೆ ಹೇಳು.”

“ನೀವೇ ಹೇಳೂಕೆ ಆಗಲ್ವಾ ಸೋಮಣ್ಣ?”

“ನನ್ನ ಕಂಡ್ರೆ ಉರಿದು ಬೀಳ್ತಾರೆ. ನೀನು ಅವರವನು. ನಿನ್ನ ಮಾತು ಕೇಳ್ತಾರೆ.”

“ಆಯ್ತು, ನೋಡ್ತೀನಿ.”

ಹರೀಶ ಹೇಳಿದ. ಅಧಿಕಾರಿ, “ಇಂಜಿನಿಯರ್ ಬರೆದು ಕೊಟ್ಟಿದ್ದಾರಾ?” ಎಂದು ಕೇಳಿದರು. ಇಲ್ಲ. “ಹಾಗಿದ್ದರೆ ರನ್‌ವೇ ತೆರೆಯಿರಿ” ಎಂದರು. ಇದೆಲ್ಲ ಸೋಮನಾಥರಿಗೆ ಗೊತ್ತಾಗಿದ್ದು ಬಹಳ ತಡವಾಗಿ.

ಮೊದಲು ಹೋದ ವಿಮಾನಗಳ ರಭಸಕ್ಕೆ ತೇಪೆಯ ಒಂದು ತುಂಡು ಎದ್ದು ಬಿತ್ತು. ಹಿಂದೆ ಬಂದ ವಿಮಾನದ ಇಂಜಿನ್ ಅದನ್ನು ನುಂಗಿತು. ನೆಲ ಬಿಟ್ಟ ಕೂಡಲೇ ಬೆಂಕಿ. ಅದರಲ್ಲಿದ್ದ ಪೈಲಟ್ ಬಿಷ್ಟ್, ಗಡ್ಡ ಮೀಸೆ ಸರಿಯಾಗಿ ಬಲಿಯದ ಹುಡುಗ. ಸೀಟಿನ ಸಮೇತ ಹೊರಗೆ ಹಾರಿದ. ಆದರೆ ಎತ್ತರ ಸಾಲಲಿಲ್ಲ. ಪ್ಯಾರಾಚೂಟ್ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ನೆಲಕ್ಕೆ ಬಿದ್ದ. ಜೀವ ಉಳಿಯಿತು. ಸೊಂಟದ ಕೆಳಗೆ ಸ್ವಾಧೀನ ಉಳಿಯಲಿಲ್ಲ.

ವಿಚಾರಣೆ ನಡೆಯಿತು. ತಾನು ಬೆಳಿಗ್ಗೆಯೇ ಫೋನ್ ಮಾಡಿ ಎಚ್ಚರಿಸಿದ್ದೆ ಎಂದು ಸೋಮನಾಥ್ ಹೇಳಿದರು. ಹರೀಶನನ್ನು ಕರೆಸಿದರು. ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ ಬಂದು ನೆಟ್ಟಗೆ ನಿಂತ. ಫೋನ್ ಬಂದಿತ್ತೇ ಎಂದು ಕೇಳಿದರು.

“ಬಂದಿತ್ತು ಸರ್. ಊರಿನ ವಿಷಯ ಮಾತಾಡಿದೆವು. ರನ್‌ವೇ ಬಗ್ಗೆ ಅವರು ಏನೂ ಹೇಳಲಿಲ್ಲ.”

ಸೋಮನಾಥರು ಅವನ ಮುಖವನ್ನೇ ನೋಡುತ್ತಿದ್ದರು. ಅವನು ಎದುರಿನ ಗೋಡೆ ನೋಡುತ್ತಿದ್ದ. ಹಿಂದಿನ ಭಾನುವಾರ ಸೋಮನಾಥ್ ಅವನ ಮನೆಯಲ್ಲೇ ಊಟ ಮಾಡಿದ್ದರು.

ತಪ್ಪು ಸೋಮನಾಥರದೆಂದಾಯಿತು. ಅವರನ್ನು ಒಂದು ಡಿಪೋಗೆ ಹಾಕಿದರು. ಕ್ವಾರ್ಟರ್ಸುಗಳ ಚರಂಡಿ, ಸೋರುವ ನಲ್ಲಿ ನೋಡಿಕೊಳ್ಳುವ ಕೆಲಸ. ಹರೀಶನಿಗೆ ಬಡ್ತಿ ಸಿಕ್ಕಿತು. ಮುಖ್ಯ ಅಧಿಕಾರಿಗೂ ಸಿಕ್ಕಿತು. ಬೇಸಿಗೆ ಬರುವಷ್ಟರಲ್ಲಿ ರನ್‌ವೇಯನ್ನು ಮುಚ್ಚಿ, ವಿಮಾನಗಳನ್ನೆಲ್ಲ ಬೇರೆ ನೆಲೆಗೆ ಕಳಿಸಿ, ಪೂರ್ತಿ ಹೊಸದಾಗಿ ಹಾಕಿದರು. ಗಡಿ ಇದ್ದಲ್ಲೇ ಇತ್ತು. ಇದನ್ನು ಹೇಳುವಾಗ ಸೋಮನಾಥ್ ನಕ್ಕರು. ಆ ನಗು ನೋಡಲಿಕ್ಕಾಗುವಂಥದ್ದಲ್ಲ.

ಕೆಲಸ ಬಿಟ್ಟು ಬಂದರು. ಸುದ್ದಿ ಅವರಿಗಿಂತ ಮೊದಲೇ ಊರಿಗೆ ಬಂದಿತ್ತು. ‘ಮಿಲಿಟ್ರಿ ಸೋಮಣ್ಣ’ ಹೋಗಿ ‘ಪ್ಲೇನ್ ಬೀಳಿಸಿದವ್ರು’ ಆದರು. ಕ್ಷೌರದಂಗಡಿಯಲ್ಲಿ ಒಬ್ಬರು ಮುಖ ನೋಡಿಯೇ ಕೇಳಿದರಂತೆ, “ಸಿಮೆಂಟು ಚೆನ್ನಾಗಿ ಉಳ್ಸಿರಬೇಕಲ್ಲ ಸೋಮಣ್ಣ?” ಬಾಳೆಹೊನ್ನೂರಿನ ಒಂದು ಮದುವೆಯಲ್ಲಿ ಹೆಂಗಸರು ಗುಸುಗುಸು ಮಾಡಿದ್ದು ಕಿವಿಗೆ ಬಿದ್ದು, ತಾಯಿ ದಾಕ್ಷಾಯಣಮ್ಮ ಎಲೆಯ ಮುಂದಿನಿಂದ ಎದ್ದು ಬಂದರು. ಆಮೇಲೆ ಅವರು ಯಾವ ಮದುವೆಗೂ ಹೋಗಲಿಲ್ಲ.

ಕೆಲವು ವರ್ಷಗಳ ನಂತರ ಹರೀಶ ನಿವೃತ್ತನಾಗಿ ಬಂದ. ಕೊಪ್ಪದಲ್ಲಿ ಅವನಿಗೆ ಶಾಲು ಹೊದಿಸಿ ಸನ್ಮಾನ ಮಾಡಿದರು. ಮೈಕಿನ ಮಾತು ಬಸ್ ಸ್ಟ್ಯಾಂಡಿನವರೆಗೂ ಕೇಳುತ್ತಿತ್ತು. ಸೋಮನಾಥ್ ಕಿಟಕಿ ಮುಚ್ಚಿ ಕೆಲಸ ಮಾಡಿದರು. ಮರುವಾರ ಮೆಟ್ಟಿಲಿನಲ್ಲಿ ಹೆಜ್ಜೆ ಸದ್ದಾಯಿತು. ಹರೀಶ ಬಾಗಿಲಲ್ಲಿ ನಿಂತಿದ್ದ.

“ಹಿರೇಕೊಡಿಗೇಲಿ ಮನೆ ಕಟ್ಬೇಕು ಸೋಮಣ್ಣ. ಪ್ಲಾನಿಗೆ ಬೇರೆಯವ್ರ ಹತ್ರ ಹೋಗೂಕೆ ಮನಸ್ಸಾಗ್ಲಿಲ್ಲ.”

ಸೋಮನಾಥ್ ಕುರ್ಚಿ ತೋರಿಸಲಿಲ್ಲ. “ಆವತ್ತು ಫೋನಲ್ಲಿ ನಾನು ಎಂತ ಹೇಳ್ದೆ?”

ಹರೀಶ ಬಾಗಿಲ ಚೌಕಟ್ಟಿಗೆ ಒರಗಿದ. “ತೇಪೆ ಗಟ್ಟಿಯಾಗ್ಲಿಲ್ಲ ಅಂದ್ರಿ. ನಾನು ಸಾಹೇಬ್ರಿಗೂ ಹೇಳಿದ್ದೆ. ವಿಚಾರಣೆಗೆ ಮೊದ್ಲು ಅವ್ರು ನನ್ನ ಕರೆದ್ರು. ‘ಇಂಜಿನಿಯರ್ ಹೇಳಿದ್ದ ಅಂತೀಯಾದ್ರೆ ನೀನೂ ಮುಳುಗ್ತೀಯ, ಇಲ್ಲ ಅಂದ್ರೆ ಅವನೊಬ್ನೇ’ ಅಂದ್ರು. ಆಗ ನನ್ನ ಮಕ್ಕಳು ಸಣ್ಣವು ಸೋಮಣ್ಣ.”

“ನಂಗೆ ಹೇಳೋದು ಬೇಡ. ಆ ಬಿಷ್ಟ್ ಇದ್ದಾನಲ್ಲ, ಅವನ ಮುಂದೆ ಒಂದ್ಸಲ ಹೇಳು. ನಾನೂ ಬರ್ತೀನಿ.”

“ಹೇಳಿದ್ರೆ ಅವ್ನಿಗೆ ಕಾಲು ಬರ್ತದಾ?”

“ಇಲ್ಲ.”

“ಮತ್ತೆ ಎಂತಕ್ಕೆ?” ಎಂದು ಹರೀಶ ಮೆಟ್ಟಿಲಿಳಿದು ಹೋದ.

ಸೋಮನಾಥ್ ಒಬ್ಬರೇ ಹೊರಟರು. ಬೆನ್ನುಮೂಳೆ ಮುರಿದ ಸೈನಿಕರನ್ನು ನೋಡಿಕೊಳ್ಳುವ ಒಂದು ಆಶ್ರಯದಲ್ಲಿ ಬಿಷ್ಟ್ ಇದ್ದಾನೆಂದು ಪತ್ತೆಮಾಡಿ, ಎರಡು ರೈಲು ಬದಲಿಸಿ ಹೋದರು. ಗಾಲಿಕುರ್ಚಿಯಲ್ಲಿ ಕೂತು ಅವನು ಅಕ್ಕಪಕ್ಕದ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದ. ಮಕ್ಕಳನ್ನು ಕಳಿಸಿ ಇವರ ಮಾತೆಲ್ಲ ಕೇಳಿದ. ಹರೀಶನ ಸುಳ್ಳು, ಸಾಹೇಬರ ಬೆದರಿಕೆ, ಎಲ್ಲ. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

“ಇದು ನನಗೆ ಗೊತ್ತಿತ್ತು. ಅಲ್ಲಿ ಎಲ್ಲರಿಗೂ ಗೊತ್ತಿತ್ತು” ಎಂದ. “ನಾನು ಕೇಳಬೇಕು ಅಂತಿದ್ದದ್ದು ಬೇರೆ. ನಿಲ್ಲಿಸುವ ಅಧಿಕಾರ ಆ ದಿನ ನಿಮ್ಮ ಕೈಯಲ್ಲೇ ಇತ್ತಲ್ಲ? ಗೆಳೆಯನಿಗೆ ಯಾಕೆ ಫೋನ್ ಮಾಡಿದಿರಿ?”

ಇಷ್ಟು ವರ್ಷ ಯಾರೂ ಇದನ್ನು ಕೇಳಿರಲಿಲ್ಲ. ತಾನೂ ಕೇಳಿಕೊಂಡಿರಲಿಲ್ಲ ಎನ್ನುತ್ತಾರೆ ಸೋಮನಾಥ್.

“ಬೈಸಿಕೊಳ್ಳಲು ಹೆದರಿದೆ.”

“ಅಷ್ಟೇನಾ?”

“ಅಷ್ಟೇ.”

ಬಿಷ್ಟ್ ತನ್ನ ಕಾಲುಗಳ ಕಡೆ ನೋಡಿದ. ಸಿಟ್ಟು ಮಾಡಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ. “ನೀವು ಬಂದದ್ದು ಒಳ್ಳೆಯದಾಯಿತು ಅಂತ ಹೇಳಲಾರೆ” ಎಂದು ಕುರ್ಚಿ ತಿರುಗಿಸಿಕೊಂಡು ಮಕ್ಕಳನ್ನು ಕರೆದ.

ಹರೀಶನ ಮನೆಗೆ ಬೇರೆ ಯಾರೋ ಪ್ಲಾನ್ ಮಾಡಿದರು. ಕಳೆದ ವರ್ಷ ಗೃಹಪ್ರವೇಶದ ಕರೆಯೋಲೆ ಹಿಡಿದು ಅರ್ಪಿತಾ ಒಬ್ಬಳೇ ಸೀತೂರಿಗೆ ಬಂದಿದ್ದಳು. ಸೋಮನಾಥ್ ಮನೆಯಲ್ಲಿದ್ದರೂ ಹೊರಗೆ ಬರಲಿಲ್ಲ. ಅವಳು ಅಂಗಳದಲ್ಲೇ ನಿಂತು, ಅತ್ತು, ಕರೆಯೋಲೆಯನ್ನು ಜಗಲಿಯ ಮೇಲಿಟ್ಟು ಹೋದಳು. ದಾಕ್ಷಾಯಣಮ್ಮ ಅದನ್ನು ಎತ್ತಿ ಹರಿದು ಹಿತ್ತಿಲಿಗೆ ಎಸೆದರು.

“ಅವ್ನ ಮನೆ ಮಣ್ಣು ಮುಕ್ಕಿ ಹೋಗ್ಲಿ” ಎಂದು ಗೋಡೆಗೆ ಒರಗಿ ಕೂತ ತಾಯಿಯ ಬಳಿ ಸೋಮನಾಥ್ ಬಂದರು.

“ಶಾಪ ಹಾಕ್ಬೇಡ ಅಮ್ಮ” ಎಂದರು. “ನಂಗೂ ತಾಗ್ತದೆ.”