ಯಾರ ಪೈಕಿ ಎಂದು ಕೇಳಿದರೆ

ಮೊನ್ನೆ ಚಳಿಗೆಂದು ಕಂಬಳಿ ತೆಗೆಯಲು ಟ್ರಂಕು ಬಿಚ್ಚಿದೆ. ನುಸಿಗುಳಿಗೆಯ ವಾಸನೆಯ ಜೊತೆಗೆ, ಕಂದು ಕಾಗದದ ಹೊದಿಕೆ ಹಾಕಿದ ಒಂದು ದಪ್ಪ ಪುಸ್ತಕ ಕೈಗೆ ಬಂತು. ಮೇಲೆ ನನ್ನದೇ ದುಂಡನೆಯ ಅಕ್ಷರ: ‘ಪ್ರಾಯೋಗಿಕ ದಾಖಲೆ’. ನಿವೃತ್ತಳಾಗಿ ಎಷ್ಟೋ ವರ್ಷವಾಯಿತು, ಮೊಮ್ಮಕ್ಕಳು ನನ್ನನ್ನೇ ಹೆದರಿಸುವಷ್ಟು ದೊಡ್ಡವರಾಗಿದ್ದಾರೆ. ಆದರೂ ಆ ಹೊದಿಕೆ ಕಂಡದ್ದೇ ಅಲ್ಲೇ ನೆಲಕ್ಕೆ ಕೂತೆ. ನೀವೂ ಕೂತುಕೊಳ್ಳಿ, ಹೇಳುತ್ತೇನೆ.

ಎಂಬತ್ತರ ದಶಕದ ಕೊನೆ. ಲಿಂಗಸುಗೂರಿನ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಶಾಲೆಗಳಲ್ಲಿ ಮಕ್ಕಳ ಮನಸ್ಸಿನ ಕಷ್ಟ ಕೇಳುವವರು ಬೇಕು, ಅಂಥವರನ್ನು ಮುಂದೆ ನಿಂತು ತಯಾರು ಮಾಡುವವರು ಇನ್ನೂ ಬೇಕು ಎಂದು ಯಾರಿಗೋ ಹೊಳೆದು, ಪದವೀಧರ ಶಿಕ್ಷಕರಿಗೆ ಸಿಂಧನೂರಿನಲ್ಲಿ ಒಂದು ವರ್ಷದ ಸಮಾಲೋಚನೆ ತರಬೇತಿ ಶುರುವಾಯಿತು. ಶನಿವಾರ ಮಧ್ಯಾಹ್ನ, ಭಾನುವಾರ ಇಡೀ ದಿನ. ನಮ್ಮ ಹೆಡ್‌ಮಾಸ್ಟರು ನನ್ನನ್ನು ಆರಿಸಿದ್ದು ಯೋಗ್ಯತೆ ನೋಡಿಯಲ್ಲ. “ನಿಮ್ಗ ಮಾತು ಭಾಳ ಅದಾವ್ರಿ ಟೀಚರ್, ಹೋಗಿ ಬರ್ರಿ” ಎಂದಿದ್ದರು. ಅದು ಮಾತು ಕಡಿಮೆ ಮಾಡುವುದನ್ನು ಕಲಿಸುವ ತರಬೇತಿ ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಕಲಿಸಲು ಧಾರವಾಡದಿಂದ ಬರುತ್ತಿದ್ದ ಸರ್ ಮೊದಲ ದಿನವೇ ಹೇಳಿದರು: “ಬುದ್ಧಿ ಹೇಳಬ್ಯಾಡ್ರಿ, ಕೇಳ್ರಿ. ಕೇಳಿದ್ದು ನಿಮ್ಮ ಹೊಟ್ಟ್ಯಾಗ ಇರ್ಲಿ.” ಬಸ್ಸಿನ ಕಂಡಕ್ಟರಿಗೂ ಬುದ್ಧಿ ಹೇಳುವವಳು ನಾನು. ಸುಮ್ಮನೆ ತಲೆಯಾಡಿಸುತ್ತ ಕೂರುವುದು ಎಂಥ ಶಿಕ್ಷೆ ಎಂದು ಆ ವರ್ಷ ಗೊತ್ತಾಯಿತು. ಮನೆಯಲ್ಲಿ ಯಜಮಾನರ ಮೇಲೆ ಪ್ರಯೋಗ ಮಾಡಲು ಹೋದರೆ, “ಯಾಕ, ಆರಾಮಿಲ್ಲೇನು?” ಎಂದು ನನ್ನ ಹಣೆ ಮುಟ್ಟಿ ನೋಡಿದರು.

ನಾನು ಮೊದಲು ಕೇಳಿಸಿಕೊಂಡದ್ದು ಹತ್ತನೇ ಕ್ಲಾಸಿನ ಒಬ್ಬ ಹುಡುಗಿಯ ಕಷ್ಟ. ನೀಲಮ್ಮ ಎಂದು ಕರೆಯೋಣ. ಗುರುಗುಂಟಾದಿಂದ ದಿನಾ ಬಸ್ಸಿಗೆ ಬರುತ್ತಿದ್ದಳು, ಅಪ್ಪನದು ಕಿರಾಣಿ ಅಂಗಡಿ. ಬಾಯಲ್ಲಿ ಕೇಳಿದರೆ ಪಟಪಟ ಉತ್ತರ, ನೋಟ್‌ಬುಕ್ಕು ಮಾತ್ರ ಖಾಲಿ. ಎಲ್ಲರೂ ಸೋಮಾರಿ ಎಂದಿದ್ದರು. ನಾನೂ ಎಂದಿದ್ದೆ. ಒಂದು ದಿನ ಪ್ರಯೋಗಾಲಯದಲ್ಲಿ ಕೂರಿಸಿಕೊಂಡು, ಬಾಯಿ ಬಿಗಿಹಿಡಿದು ಕಾದೆ.

“ಬೋರ್ಡು ಕಾಣಂಗಿಲ್ರಿ ಟೀಚರ್. ಎರಡು ವರ್ಷ ಆತು.”

“ಮನ್ಯಾಗ ಹೇಳಿಲ್ಲೇನು?”

“ಹ್ಯಾಂಗ ಹೇಳ್ಲಿರಿ? ಅಕ್ಕನ ಲಗ್ನದ ಮಾತುಕತಿ ನಡದೈತಿ. ತಂಗಿಗೆ ಚಾಳೀಸು ಬಂತು ಅಂದ್ರ ಮನಿತನದಾಗ ಕಣ್ಣಿನ ಬ್ಯಾನಿ ಐತಿ ಅಂತಾರ. ಅಕ್ಕಂದು ಮುಗೀಲಿ, ಆಮ್ಯಾಲ ನಾನಾ ಹೇಳ್ತೀನಿ. ನೀವು ಯಾರ ಮುಂದೂ ಅನ್ನಬ್ಯಾಡ್ರಿ.”

ಚಾಳೀಸೆಂದರೆ ನಮ್ಮ ಕಡೆ ಕನ್ನಡಕ. ಅವಳ ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ಮರುದಿನದಿಂದ ಅವಳು ಮೊದಲ ಬೆಂಚಿಗೆ ಬಂದಳು, ನನ್ನ ಬೋರ್ಡಿನ ಅಕ್ಷರಗಳು ಕುಂಬಳಕಾಯಿಯಷ್ಟಾದವು.

ತರಬೇತಿಯಲ್ಲಿ ಪ್ರತಿಯೊಬ್ಬರೂ ಒಬ್ಬ ವಿದ್ಯಾರ್ಥಿಯ ಬಗ್ಗೆ ಪ್ರಾಯೋಗಿಕ ದಾಖಲೆ ಬರೆದು ಎಲ್ಲರೆದುರು ಓದಬೇಕಿತ್ತು. ನಾನು ನೀಲಮ್ಮನದನ್ನೇ ಬರೆದೆ. ನಿಯಮದಂತೆ ಹೆಸರು ತೆಗೆದು ‘ಕುಮಾರಿ ಕ’ ಎಂದೆ, ಊರಿನ ಸುದ್ದಿಯೇ ಎತ್ತಲಿಲ್ಲ. ಓದಿ ಮುಗಿಸಿದಾಗ ಸರ್ ‘ಭೇಷ್’ ಎಂದರು. ನಾನು ಉಬ್ಬಿಹೋದೆ. ಆಗ ಹಿಂದಿನ ಸಾಲಿನಲ್ಲಿ ಶೇಂಗಾ ಸುಲಿಯುತ್ತಿದ್ದ ಮಸ್ಕಿಯ ಮಾಸ್ತರೊಬ್ಬರು ಸಹಜವಾಗಿ ಕೇಳಿದರು: “ಯಾರ ಪೈಕಿ ರೀ ಅಕಿ?”

ನಮ್ಮ ಕಡೆಯವರಲ್ಲದವರಿಗೆ, ಯಾರ ಮನೆಯವಳು ಎಂಬ ಈ ಪ್ರಶ್ನೆಯ ಜೋರು ತಿಳಿಯಲಿಕ್ಕಿಲ್ಲ. ಬಸ್ಸಿನಲ್ಲಿ, ಸಂತೆಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಯಾರು ಯಾರನ್ನು ಕಂಡರೂ ಮೊದಲು ಇದೇ. ಉತ್ತರ ಕೊಡದಿದ್ದರೆ ಸೊಕ್ಕು ಎನ್ನುತ್ತಾರೆ. ಹುಟ್ಟಿದಾಗಿನಿಂದ ರೂಢಿಯಾದ ಬಾಯಿ, ನನ್ನನ್ನು ಕೇಳದೆಯೇ ಹೇಳಿಬಿಟ್ಟಿತು: “ಗುರುಗುಂಟಾದ ಕಿರಾಣಿ ಅಂಗಡ್ಯಾರ ಪೈಕಿ.”

“ಹೌದಾ? ಅವ್ರ ಹಿರೇ ಮಗಳನ್ನ ನಮ್ಮ ಕಾಕಾನ ಮಗಗ ಕೇಳಾಕತ್ತೀವಲ್ರಿ!”

ಶೇಂಗಾ ಸುಲಿಯುವ ಸದ್ದು ನಿಂತಿತು. ಸರ್ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಸಂಜೆ ಊರಿಗೆ ಮರಳುವ ಬಸ್ಸಿನಲ್ಲಿ ಆ ಮಾಸ್ತರರನ್ನು ಮಸ್ಕಿಯವರೆಗೂ ಬೇಡಿಕೊಂಡೆ. “ಅಣ್ಣಾರ, ನಿಮ್ಮ ಹೊಟ್ಟ್ಯಾಗ ಇರ್ಲಿ ರೀ.” ಅವರು ಅಂಗಿಯ ಮೇಲಿನ ಸಿಪ್ಪೆ ಜಾಡಿಸಿಕೊಂಡು, “ಇರ್ಲಿ ತಗೋರಿ” ಎಂದು ಇಳಿದುಹೋದರು. ಆ ‘ಇರ್ಲಿ ತಗೋರಿ’ಯನ್ನು ಎಷ್ಟು ಸಲ ತಿರುವಿ ತಿರುವಿ ನೋಡಿದೆನೋ! ಅದು ಹೂಂ ಎಂದೋ, ನಿನಗ್ಯಾಕೆ ಎಂದೋ? ಅನ್ನ ಸೇರಲಿಲ್ಲ. ದಿನಾ ಬೆಳಿಗ್ಗೆ ಗುರುಗುಂಟಾ ಬಸ್ಸು ಬರುವ ಹೊತ್ತಿಗೆ ಶಾಲೆಯ ಗೇಟಿನಲ್ಲಿ ನಿಲ್ಲುತ್ತಿದ್ದೆ. ಇಳಿಯುವ ಹುಡುಗಿಯರಲ್ಲಿ ನೀಲಮ್ಮ ಕಂಡರೆ ಅವತ್ತಿನ ಮಟ್ಟಿಗೆ ಉಸಿರು. ಗುರುವಾರ ಅವಳು ಇಳಿಯಲಿಲ್ಲ. ಶುಕ್ರವಾರವೂ ಇಳಿಯಲಿಲ್ಲ.

ಶನಿವಾರ ತರಬೇತಿ ತಪ್ಪಿಸಿ ಗುರುಗುಂಟಾಕ್ಕೆ ಹೋದೆ. ಅವಳ ಅಪ್ಪ ಅಂಗಡಿ ಬಿಟ್ಟೆದ್ದು ಬಂದು ಕೂರಿಸಿದರು, ಚಹಾ ತರಿಸಿದರು.

“ಮಸ್ಕಿಯಿಂದ ಮಾತು ಬಂತ್ರಿ ಟೀಚರ್. ಸಣ್ಣಾಕಿಗೆ ಕಣ್ಣು ಮಂದಂತ, ಹಿರೇಕಿಗೂ ಬಂದೀತು, ನಮಗ ಬ್ಯಾಡ ಅಂದ್ರು. ಹೆತ್ತ ನಮಗ ಗೊತ್ತಿಲ್ದ ಸುದ್ದಿ, ಅವ್ರಿಗೆ ಯಾರು ಹೇಳಿದ್ರು ಅಂತೀನಿ!”

ಕಪ್ಪು ಕೈಯಲ್ಲೇ ಇತ್ತು. ನಾನೇ ಎನ್ನಬೇಕು, ಎನ್ನಬೇಕು ಎಂದುಕೊಳ್ಳುವಷ್ಟರಲ್ಲಿ ಬಾಗಿಲ ಚೌಕಟ್ಟಿಗೆ ಒರಗಿದ್ದ ನೀಲಮ್ಮ ಹೇಳಿದಳು: “ನಾನಾ ಅಪ್ಪಾ. ಗೆಳತಿ ಮುಂದ ಅಂದಿದ್ದೆ.”

ಒಳಗಿಂದ ಅಕ್ಕ ಓಡಿಬಂದು ಅವಳ ಬೆನ್ನಿಗೆ ದಬದಬ ಬಡಿದು, ಅಳುತ್ತ ಒಳಗೆ ಹೋದಳು. ನನಗಾದದ್ದನ್ನು ಮುಚ್ಚಿಡುವುದಿಲ್ಲ: ನನಗೆ ಸಮಾಧಾನವಾಯಿತು. ಹಾಗಾದರೆ ಸುದ್ದಿ ಹೋದದ್ದು ನನ್ನಿಂದಲೇ ಇರಲಿಕ್ಕಿಲ್ಲ, ಆ ಗೆಳತಿಯಿಂದಲೂ ಇದ್ದೀತು! ಥೂ, ಎಂಥ ಹೆಂಗಸು ನಾನು. ಕಣ್ಣಿನ ಆರೈಕೆಯ ಬಗ್ಗೆ ಒಂದಿಷ್ಟು ಬುದ್ಧಿ ಹೇಳಿ ಎದ್ದು ಬಂದೆ.

ಮುಂದಿನ ವಾರ ಅಪ್ಪ ರಾಯಚೂರಿಗೆ ಕರೆದೊಯ್ದು ಚಾಳೀಸು ಹಾಕಿಸಿದರು. ನೀಲಮ್ಮ ಪಾಸಾದಳು. ಅಕ್ಕನ ಲಗ್ನ ಎರಡು ವರ್ಷ ತಡವಾಗಿ ಬೇರೆ ಕಡೆ ಆಯಿತು. ನಾನೂ ಪಾಸಾದೆ. ತೊಂಬತ್ತರ ದಶಕದುದ್ದಕ್ಕೂ ಊರೂರು ತಿರುಗಿ ಶಿಕ್ಷಕರಿಗೆ ಪಾಠ ಹೇಳಿದೆ. ‘ಕೇಳಿದ್ದು ಹೊಟ್ಟ್ಯಾಗ ಇರ್ಲಿ’ ಎನ್ನುವಾಗೆಲ್ಲ ಆ ಗೆಳತಿಯನ್ನು ನೆನೆದು ಧೈರ್ಯ ತಂದುಕೊಳ್ಳುತ್ತಿದ್ದೆ.

ಮೊನ್ನೆ ಟ್ರಂಕು ಮುಚ್ಚಿದ ಮೇಲೆ ತಡೆಯಲಾಗಲಿಲ್ಲ. ಪುಸ್ತಕ ಹಿಡಿದು ನೀಲಮ್ಮನ ಮನೆಗೇ ಹೋಗಿ ಎಲ್ಲ ಹೇಳಿದೆ. ಅವಳು ಸೆರಗಿನಿಂದ ಚಾಳೀಸು ಒರೆಸಿಕೊಂಡಳು.

“ಗೊತ್ತೈತ್ರಿ ಟೀಚರ್. ನಿಮ್ಮನ್ನ ಬಿಟ್ರ ನಾ ಯಾರ ಮುಂದೂ ಅಂದಿರ್ಲಿಲ್ಲ.”

“ಮತ್ತ ಅವತ್ತು ಗೆಳತಿ ಅಂದಿ?”

“ನಿಮ್ಮ ಕೈಯಾಗಿನ ಕಪ್ಪು ನಡುಗಾಕತ್ತಿತ್ರಿ.” ಚಾಳೀಸು ಏರಿಸಿಕೊಂಡು ಮತ್ತೆ ಹೇಳಿದಳು: “ಆ ಗೆಳತಿ ಯಾರಂತ ಅಕ್ಕ ಇನ್ನೂ ಕೇಳ್ತಾಳ. ನಾ ಹೇಳಿಲ್ಲ.”

ಒಂದು ವರ್ಷ ಬಸ್ಸು ಹತ್ತಿ ಇಳಿದು ನಾನು ಕಲಿಯದೇ ಹೋದದ್ದನ್ನು, ಆ ಹುಡುಗಿ ಬೆನ್ನಿಗೆ ಏಟು ತಿನ್ನುತ್ತ ಮಾಡಿ ತೋರಿಸಿದ್ದಳು. ನಾನು ಅಲ್ಲೇ ಅತ್ತೆ. ಇದನ್ನು ಬರೆಯಲೇ ಎಂದು ಕೇಳಿದ್ದಕ್ಕೆ, “ಬರೀರಿ. ಊರು, ಅಂಗಡಿ ಬ್ಯಾರೆ ಹಾಕ್ರಿ, ಅಷ್ಟಾ” ಎಂದಳು.

ಹಾಕಿದ್ದೇನೆ. ಊರು ಅದಲ್ಲ, ಅಂಗಡಿಯೂ ಅದಲ್ಲ. ಆದರೂ ನೀವೆಲ್ಲಾದರೂ ಬಸ್ಸಿನಲ್ಲಿ ನನ್ನ ಪಕ್ಕ ಕೂತರೆ, ಅವಳು ಯಾರ ಪೈಕಿ ಎಂದು ಮಾತ್ರ ದಯವಿಟ್ಟು ಕೇಳಬೇಡಿ. ನನ್ನ ಬಾಯಿಯ ಮೇಲೆ ನನಗೆ ಇನ್ನೂ ಭರವಸೆ ಬಂದಿಲ್ಲ.